ಬೀವರ್ ಹಲ್ಲು, ಕರಡಿ ನಾಲಿಗೆ

ನಮ್ಮ ದ್ವೀಪದ ಊರಾದ ಓಲ್ಡ್ ಮ್ಯಾಸೆಟ್‌ನಲ್ಲಿ ಯಾರ ಮನೆಯ ಗುರುತಿನ ಪ್ರಾಣಿ ಯಾವುದು ಎಂಬ ವಿಷಯ ಬಂದರೆ ಲೆನೋರಾಳ ಎದುರು ಬಾಯಿ ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಕಾಫಿ ಲೋಟದ ಮೇಲೆ ತಿಮಿಂಗಿಲದ ಅಚ್ಚು ಹಾಕಿಸಿ ಮಾರುತ್ತಿದ್ದ ಅಂಗಡಿಯವನನ್ನು ಹಿಡಿದು, "ಇದು ಯಾರ ಮನೇದು? ಅವರನ್ನ ಒಂದು ಮಾತು ಕೇಳಿದ್ಯಾ?" ಎಂದು ಗಿರಾಕಿಗಳ ಮುಂದೆಯೇ ಬೆವರಿಳಿಸಿದವಳು ಅವಳು. ಸ್ವಂತ ತಮ್ಮ, ತನ್ನ ಹೆಂಡತಿಯ ಮನೆಯವರ ಕರಡಿಯ ಚಿತ್ರವಿದ್ದ ಬನಿಯನ್ ಹಾಕಿಕೊಂಡು ಬಂದಾಗ ಬಾಗಿಲಲ್ಲೇ ಅದನ್ನು ಬಿಚ್ಚಿಸಿ, ಬರಿಮೈಯಲ್ಲಿ ಕೂರಿಸಿ ಊಟ ಬಡಿಸಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಲೆನೋರಾ ಬಿದ್ದದ್ದು ಮಾರ್ಚ್ ತಿಂಗಳ ಒಂದು ಸೋಮವಾರ, ರೇಡಿಯೊದಲ್ಲಿ ಬಿಂಗೊ ಆಟ ನಡೆಯುತ್ತಿದ್ದಾಗ.

ಅವಳಿಗೆ ಆಗ ಅರವತ್ತಮೂರು. ಬೆಳ್ಳಿ ಕಡಗ ಕೆತ್ತುವುದು ಕಸುಬು. ಮೀನಿನ ಕಾರ್ಖಾನೆಯಲ್ಲಿ ಡಬ್ಬಿ ತುಂಬುತ್ತಿದ್ದ ಕಾಲದಲ್ಲೂ ಸಂಜೆ ಮನೆಗೆ ಬಂದು ಕೈಯಿಂದ ಮೀನಿನ ವಾಸನೆ ಹೋಗುವ ಮೊದಲೇ ಉಳಿ ಹಿಡಿಯುತ್ತಿದ್ದಳು. ಅವಳಿಗೆ ಯಾರೂ ಕಲಿಸಲಿಲ್ಲ. ಸೋದರಮಾವ ಕಲಿಸುತ್ತಿದ್ದದ್ದು ಗಂಡುಹುಡುಗರಿಗೆ. ಹದಿನಾರರ ಲೆನೋರಾಳನ್ನು ಕರೆಯುತ್ತಿದ್ದದ್ದು ಉಳಿ ಮಸೆಯುವುದಕ್ಕೆ ಮಾತ್ರ. ಹುಡುಗರು ಗೆರೆ ಎಳೆಯುವುದನ್ನು ಕಲಿತರು, ಇವಳು ಗೆರೆ ಯಾಕೆ ಕೆಡುತ್ತದೆ ಎಂಬುದನ್ನು ಕಲಿತಳು. ಎರಡು ವರ್ಷ ಕಳೆದು, ಸವೆದ ಅರದಿಂದ ತಾನೇ ಉಳಿ ಮಾಡಿಕೊಂಡು ಕೆತ್ತಿದ ಮೊದಲ ಕಡಗವನ್ನು ಮಾವನ ಮೇಜಿನ ಮೇಲೆ ಇಟ್ಟು ಓಡಿಹೋಗಿದ್ದಳು. ಮರುದಿನ ಮಸೆಯಲು ಬಂದವಳಿಗೆ ಮಾವ ತನ್ನ ಕುರ್ಚಿ ಬಿಟ್ಟುಕೊಟ್ಟು ತಾನು ಮಸೆಯಲು ಕುಳಿತ.

ಈಗ ಊರಿನ ಅರ್ಧಕ್ಕರ್ಧ ಕೆತ್ತುವವರು ಏನು ತೊಂದರೆ ಬಂದರೂ ಅವಳ ಬಾಗಿಲು ತಟ್ಟುತ್ತಾರೆ, ಬೈಸಿಕೊಂಡು ಹೋಗುತ್ತಾರೆ. "ಉಳಿ ಜಾರ್ತಾ ಇದೆ" ಎಂದವನ ಉಳಿಯನ್ನು ತೆಗೆದುಕೊಂಡು ಅವನದೇ ಹೆಬ್ಬೆರಳ ಉಗುರಿನ ಮೇಲೆ ಇಡುತ್ತಾಳೆ. ಮೊನೆ ಉಗುರಿಗೆ ಕಚ್ಚದೆ ಜಾರಿದರೆ, "ಇದರಲ್ಲಿ ಬೆಣ್ಣೆ ಹಚ್ಕೋ ಹೋಗು" ಎನ್ನುತ್ತಾಳೆ. "ಮೊನೆ ಮುರೀತಾನೇ ಇದೆ" ಎಂದರೆ, "ಗೆರೆ ಮುಗಿದ ಮೇಲೆ ಉಳೀನ ಮೇಲಕ್ಕೆ ಮೀಟ್ತೀಯ. ಅದೇನು ಗೆಣಸು ಕೀಳೋ ಕೋಲಾ?" ಎನ್ನುತ್ತಾಳೆ. ಗೆರೆಗೆ ಹೊಳಪು ಬರಲಿಲ್ಲ ಎಂದು ಯಾರಾದರೂ ಅತ್ತರೆ ಉಳಿಯ ಹಿಮ್ಮಡಿಯನ್ನು, ಅಂದರೆ ಮೊನೆಯ ಕೆಳಗಿನ ಓರೆಯನ್ನು, ಕನ್ನಡಿಯಂತೆ ಒಪ್ಪ ಮಾಡಲಿಲ್ಲವೆಂದು ಅರ್ಥ. ಅಂಥವನನ್ನು ಒಂದು ಗಂಟೆ ಸಾಣೆಕಲ್ಲಿನ ಮುಂದೆ ಕೂರಿಸಿ ತಾನು ಒಳಗೆ ಹೋಗಿ ಚಹಾ ಕುಡಿಯುತ್ತಾಳೆ.

ನಮ್ಮಲ್ಲಿ ಇರುವುದು ಎರಡೇ ಕಡೆ, ಹದ್ದಿನವರು ಮತ್ತು ಕಾಗೆಯವರು. ಹದ್ದಿನವರು ಕಾಗೆಯವರನ್ನೇ ಮದುವೆಯಾಗಬೇಕು. ಮಕ್ಕಳು ತಾಯಿಯ ಕಡೆಗೆ ಸೇರುತ್ತಾರೆ. ಒಂದೇ ಕಡೆಯವರೆಂದರೆ ಅಣ್ಣ ತಂಗಿಯರಿದ್ದಂತೆ. ಲೆನೋರಾ ಹದ್ದಿನವಳು, ಅವಳ ಮನೆಯ ಗುರುತು ಬೀವರ್, ಹಲ್ಲಿನಿಂದಲೇ ಮರ ಕಡಿಯುವ, ಹಲಗೆಯಂಥ ಬಾಲದ ಪ್ರಾಣಿ. ಅವಳ ಗಂಡ ಹೊರೇಸ್ ಕಾಗೆಯವನು. ಅವನ ಮನೆಯ ಗುರುತು ಗ್ರಿಜ್ಲಿ ಕರಡಿ. ಗಂಡ ಹೆಂಡತಿ ಮೂವತ್ತೆಂಟು ವರ್ಷದಿಂದ ಬೀವರ್ ಮತ್ತು ಕರಡಿಯ ಹೆಸರು ಹಿಡಿದು ಒಬ್ಬರನ್ನೊಬ್ಬರು ಕಿಚಾಯಿಸುತ್ತ ಸುಖವಾಗಿದ್ದರು.

ಲಾರಿಸಾಳಿಗೆ ಮಾತ್ರ ಯಾವ ಕಡೆಯೂ ಇರಲಿಲ್ಲ. ಅವಳು ಸಸ್ಕಾಚವಾನ್‌ನ ಗೋಧಿ ಬಯಲಿನವಳು, ಉಕ್ರೇನಿನಿಂದ ಬಂದವರ ಮೊಮ್ಮಗಳು. ಮೂರು ವರ್ಷದ ಹಿಂದೆ ದೋಣಿ ಎಂಜಿನ್ ರಿಪೇರಿಗೆಂದು ಬಂದವಳು ಲೆನೋರಾಳ ತಂಗಿಯ ಮಗ ಡ್ವೇನ್‌ನನ್ನು ಮದುವೆಯಾಗಿ ಇಲ್ಲೇ ನಿಂತಳು. ಎಂಥ ಹಟಮಾರಿ ಎಂಜಿನ್ನನ್ನೂ ಕೆಮ್ಮಿಸಿ ಎಬ್ಬಿಸುವ ಗಟ್ಟಿಗಿತ್ತಿ, ಔತಣ ಎಂದರೆ ಬೆಕ್ಕಿನ ಮರಿಯಾಗಿಬಿಡುತ್ತಿದ್ದಳು. ಸಭಾಮನೆಯಲ್ಲಿ ಹದ್ದಿನವರು ಒಂದು ಕಡೆ, ಕಾಗೆಯವರು ಇನ್ನೊಂದು ಕಡೆ ಕುಳಿತರೆ ಇವಳಿಗೆ ಕೂರಲು ಜಾಗವೇ ತಿಳಿಯದು. ನೇರ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತ ನಿಲ್ಲುತ್ತಿದ್ದಳು. ಪಾತ್ರೆಗಳಿಗೆ ಯಾವ ಕಡೆಯೂ ಇಲ್ಲವಲ್ಲ.

ಈಗ ಅವಳಿಗೆ ಐದು ತಿಂಗಳು. ತಾಯಿಗೆ ಕಡೆ ಇಲ್ಲದಿದ್ದರೆ ಹುಟ್ಟುವ ಕೂಸಿಗೂ ಇಲ್ಲ. ಹೆಸರಿಲ್ಲ, ಗುರುತಿಲ್ಲ, ಔತಣದಲ್ಲಿ ಕೂರಲು ಬೆಂಚಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದವಳು ಪರ್ಲ್ ನಾನಿ. ಅಜ್ಜಿಗೆ ನಮ್ಮಲ್ಲಿ ನಾನಿ ಎನ್ನುವುದು. ಎಂಬತ್ತನಾಲ್ಕರ ಪರ್ಲ್ ಇಡೀ ಊರಿಗೇ ನಾನಿ. ಹೊರೇಸ್‌ನ ದೊಡ್ಡಮ್ಮ, ಕರಡಿ ಮನೆಯ ಯಜಮಾನಿ. "ಆ ಹುಡುಗೀನ ನಮ್ಮ ಮನೆಗೆ ತಗೋತೀನಿ. ಕೂಸು ಕಾಗೆಯಾಗಿ ಹುಟ್ಲಿ" ಎಂದಳು, ಶನಿವಾರ ಔತಣ ಗೊತ್ತು ಮಾಡಿದಳು. ಇಂಥ ಕೆಲಸಕ್ಕೆ ಎದುರು ಕಡೆಯವರ ಕೈಯೇ ಬೇಕೆಂಬುದು ಪದ್ಧತಿ. ಹಾಗಾಗಿ ಅಂದು ಲಾರಿಸಾಳಿಗೆ ತೊಡಿಸುವ ಕಡಗ ಕೆತ್ತುವುದು ಲೆನೋರಾಳ ಪಾಲಿಗೆ ಬಂತು. ನಾನಿ ತನ್ನ ತಾಯಿಯ ನಾಲ್ಕು ಬೆಳ್ಳಿ ಚಮಚಗಳನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟಳು.

"ಕರಗಿಸು. ನಮ್ಮಮ್ಮನ ಬೆಳ್ಳಿ ಅವಳ ಕೈಮೇಲೆ ಇರ್ಬೇಕು. ಮೇಲೆ ನಮ್ಮ ಕರಡಿ. ನೋಡು ಹದ್ದೇ, ಚೆನ್ನಾಗಿ ಕೆತ್ತು, ನಿನ್ನ ಗಂಡನ ಮುಖದ ಥರ ಮಾಡ್ಬೇಡ."

"ನಿಮ್ಮ ಮನೆ ಕರಡಿ ಅಂದ್ರೆ ಇವನ ಮುಖವೇ ತಾನೇ ನಾನಿ ನನ್ ಕಣ್ಮುಂದೆ ಇರೋದು?" ಎಂದಳು ಲೆನೋರಾ. ಇಬ್ಬರೂ ಮನಸಾರೆ ನಕ್ಕರು.

ನಾನಿ ಇಷ್ಟು ಗಟ್ಟಿ ನಿಂತದ್ದಕ್ಕೆ ಕಾರಣವಿತ್ತು. ಅವಳ ಮನೆಯಲ್ಲೇ ಮೂರು ನಾಲ್ಕು ಜನ, ಹೊರಗಿನವಳಿಗೆ ನಮ್ಮ ಕರಡಿ ಯಾಕೆ ಎಂದು ಮೂಲೆಯಲ್ಲಿ ಗೊಣಗುತ್ತಿದ್ದರು. ಅವರ ಬಾಯಿ ಮುಚ್ಚಬೇಕಾದರೆ ಎಲ್ಲವೂ ಚಾಚೂ ತಪ್ಪದೆ ನಡೆಯಬೇಕಿತ್ತು.

ಲೆನೋರಾ ಕಾಗದದ ಮೇಲೆ ಚಿತ್ರ ಬರೆದುಕೊಳ್ಳುವವಳಲ್ಲ. ಚಮಚ ಕರಗಿಸಿ, ಬಡಿದು, ಎರಡು ಬೆರಳಗಲದ ಪಟ್ಟಿ ಮಾಡಿ, ಮರದ ದಿಮ್ಮಿಗೆ ಅರಗಿನಲ್ಲಿ ಅಂಟಿಸಿ ನೇರ ಉಳಿ ಇಟ್ಟಳು. ಬೀವರ್‌ನ ಮುಖ, ಕರಡಿಯ ಮುಖ ಅರ್ಧ ದಾರಿಯವರೆಗೆ ಒಂದೇ: ಅದೇ ದುಂಡು ಕಿವಿ, ಅದೇ ಹುಬ್ಬು, ಅದೇ ದೊಡ್ಡ ಕಣ್ಣು. ಬಾಯಿಯ ಹತ್ತಿರ ಬಂದಾಗ ದಾರಿ ಬೇರೆಯಾಗುತ್ತದೆ. ಅವಳು ಬಾಯಿಯ ಹತ್ತಿರ ಬಂದಾಗ ರೇಡಿಯೊ ಬಿಂಗೊದಲ್ಲಿ ಅವಳ ಚೀಟಿಗೆ ಒಂದೇ ಒಂದು ಸಂಖ್ಯೆ ಬಾಕಿಯಿತ್ತು. ಕಿವಿ ರೇಡಿಯೊದಲ್ಲಿ, ಕೈ ಬೆಳ್ಳಿಯಲ್ಲಿ. ನಲವತ್ತು ವರ್ಷ ನೂರಾರು ಬೀವರ್ ಕೆತ್ತಿದ ಕೈ ತನಗೆ ಗೊತ್ತಿದ್ದ ದಾರಿಯಲ್ಲೇ ಹೋಯಿತು. ಬಿಂಗೊ ಬೇರೆ ಯಾರಿಗೋ ಬಂತು. ಲೆನೋರಾ ರೇಡಿಯೊಗೆ ಬೈದು, ಅದೇ ಸಿಟ್ಟಿನಲ್ಲಿ ಕೆಲಸ ಮುಂದುವರಿಸಿದಳು. ಮಂಗಳವಾರವೂ ಅದೇ ದಾರಿ.

ಬುಧವಾರ ಮಧ್ಯಾಹ್ನ ಲಾರಿಸಾ ಮಣಿಕಟ್ಟಿನ ಅಳತೆ ಕೊಡಲು ಬಂದಳು. ಗ್ರೀಸು ಬಳಿದ ಮೇಲಂಗಿ, ಕೈಯಲ್ಲಿ ಉಪ್ಪಿನಲ್ಲಿ ಹಾಕಿದ ಸೌತೆಕಾಯಿಯ ಜಾಡಿ.

"ಕೈ ತಾ. ಇನ್ನೂ ಊದಿಕೊಳ್ಳುತ್ತೆ, ನಾಲ್ಕು ತಿಂಗಳಿದೆಯಲ್ಲ. ಕಡಗದ ಬಾಯಿ ಸ್ವಲ್ಪ ಅಗಲವೇ ಬಿಡ್ತೀನಿ" ಎಂದು ಲೆನೋರಾ ಕಾಗದದ ಪಟ್ಟಿ ಸುತ್ತಿ ಅಳೆದಳು. ಲಾರಿಸಾಳ ಕಣ್ಣು ದಿಮ್ಮಿಯ ಮೇಲಿತ್ತು. ನೋಡಿದಳು. ಇನ್ನೂ ಹತ್ತಿರ ಬಗ್ಗಿ ನೋಡಿದಳು. ಕಿವಿ ಕೆಂಪಾಯಿತು.

"ಅತ್ತೆ, ಒಂದು ಕೇಳ್ಲಾ? ಬೈಬಾರ್ದು."

"ಬೈಯೋದು ಬಿಡೋದು ನೀನು ಕೇಳೋದರ ಮೇಲೆ."

"ಕರಡಿ ಬಾಲ ಇಷ್ಟು ಅಗಲ ಇರುತ್ತಾ?"

"ಬಾಲ ಅಗಲ ಇರದೆ ಮತ್ತೆ? ನೀರಿಗೆ ಬಡೀಬೇಕಲ್ಲ ಅದು, ಅದಕ್ಕೇ—" ಲೆನೋರಾ ಅಲ್ಲಿಗೇ ನಿಂತಳು.

ಎರಡು ಉದ್ದ ಮುಂಬಲ್ಲು. ಎರಡು ಕೈಯಲ್ಲಿ ಹಿಡಿದ ಮರದ ಕಡ್ಡಿ. ಪಟ್ಟಿಯ ತುದಿಯಲ್ಲಿ ಹಲಗೆಯಂಥ ಬಾಲದ ಗುರುತು. ಕರಡಿ ಎಲ್ಲೂ ಇರಲಿಲ್ಲ. ಅಚ್ಚುಕಟ್ಟಾದ, ಕೊಬ್ಬಿದ, ತುಂಬು ನಗೆಯ ಬೀವರ್ ಅವಳನ್ನೇ ನೋಡುತ್ತಿತ್ತು.

"ಹೊರೇಸ್!"

ಹೊರೇಸ್ ಒಳಗೆ ರೊಟ್ಟಿ ಕರಿಯುತ್ತಿದ್ದವನು ಕೈಯಲ್ಲಿ ಜಾಲರಿ ಹಿಡಿದೇ ಬಂದ. ನೋಡಿದ. "ಹೂಂ, ಬೀವರ್. ಸೋಮವಾರವೇ ನೋಡ್ದೆ."

"ನೋಡಿ ಬಾಯಿ ಮುಚ್ಕೊಂಡಿದ್ಯಾ?"

"ಮದುವೆ ಆದ ವರ್ಷ ಏನಂದೆ ನೀನು? ನನ್ನ ಕೆಲಸದ ವಿಷಯದಲ್ಲಿ ತುಟಿ ಬಿಚ್ಬೇಡ ಅಂದೆ. ಮೂವತ್ತೆಂಟು ವರ್ಷ ಮಾತು ಉಳಿಸ್ಕೊಂಡಿದೀನಿ. ನಾನಿ ಏನಾದ್ರೂ ಮನಸ್ಸು ಬದಲಾಯಿಸಿದ್ಲೇನೋ ಅಂದ್ಕೊಂಡೆ." ಲಾರಿಸಾಳ ಕಡೆ ತಿರುಗಿ, "ಶನಿವಾರ ಇದನ್ನ ಹಾಕ್ಕೊಂಡ್ರೆ ಡ್ವೇನ್‌ಗೆ ತಂಗಿ ಆಗ್ತೀಯಮ್ಮ. ಮದುವೆ ಆಗಿ ಎರಡು ವರ್ಷಕ್ಕೆ ಒಬ್ಬ ಅಣ್ಣ ಸಿಕ್ಕಿದ, ಒಳ್ಳೇದೇ" ಎಂದ.

ಲಾರಿಸಾ ನಗಲಿಲ್ಲ. ಅವಳ ಕೈ ಹೊಟ್ಟೆಯ ಮೇಲೆ ಹೋಗಿತ್ತು. "ಶನಿವಾರ ಆಗಲ್ವಾ ಹಾಗಾದ್ರೆ?" ಎಂದಳು. ಆ ದನಿ ಕೇಳಿ ಹೊರೇಸ್‌ನ ನಗುವೂ ಇಳಿಯಿತು.

ಮುಂದೂಡುವಂತಿರಲಿಲ್ಲ. ದ್ವೀಪದ ಆ ತುದಿಯ ಸ್ಕಿಡೆಗೇಟಿನವರು ಬಂದಾಗಿತ್ತು, ಅಲಾಸ್ಕಾದಿಂದ ಬಳಗ ದೋಣಿಯಲ್ಲಿ ಹೊರಟಿತ್ತು. ಬೇರೆ ಬೆಳ್ಳಿ ಸಾಲ ತರಬಹುದಿತ್ತು, ಆದರೆ ಅದು ನಾನಿಯ ತಾಯಿಯ ಬೆಳ್ಳಿಯಾಗುವುದಿಲ್ಲ. ಕರಗಿಸಿ ಮತ್ತೆ ಪಟ್ಟಿ ಬಡಿದು ಹೊಸದಾಗಿ ಕೆತ್ತಲು ಎರಡು ದಿನ ಎಲ್ಲಿಗೂ ಸಾಲದು. ಬೀವರ್ ಹಾಗೇ ಹೋದರೆ ಗೊಣಗುವವರ ಬಾಯಿಗೆ ಸಕ್ಕರೆ ಹಾಕಿದಂತೆ: ನೋಡಿ, ಬೆಳ್ಳಿಗೇ ಇವಳು ಬೇಡವಾಗಿದ್ದಾಳೆ ಎಂದು ಶುರುಮಾಡುತ್ತಾರೆ. ಲೆನೋರಾಳ ಕಣ್ಣಲ್ಲಿ ನೀರು ತುಂಬಿತು. ತನ್ನ ಹೆಸರು ಹೋಗುವುದು ಒಂದು. ಈ ಹುಡುಗಿ ಮತ್ತೆ ಹೋಗಿ ಪಾತ್ರೆ ತೊಳೆಯುತ್ತ ನಿಲ್ಲುವುದು ಇನ್ನೊಂದು.

ಮೂಗು ಒರೆಸಿಕೊಂಡು, ಭೂತಗನ್ನಡಿ ಎತ್ತಿಕೊಂಡಳು.

"ಕಿವಿ ಸರಿಯಾಗಿದೆ. ಕಣ್ಣು ಸರಿಯಾಗಿದೆ. ಬಾಲ ಬರೀ ಗೀಚಿದ್ದು, ಇನ್ನೂ ಕಡಿದಿಲ್ಲ. ಉಜ್ಜಿದ್ರೆ ಹೋಗುತ್ತೆ, ಅಲ್ಲಿ ಉಗುರು ಬರುತ್ತೆ. ಕಡ್ಡೀಗೆ ಒಂದು ಕಣ್ಣು, ಒಂದು ರೆಕ್ಕೆ ಇಟ್ರೆ ಸಾಲ್ಮನ್ ಮೀನು. ಕರಡಿ ಕೈಯಲ್ಲಿ ಮೀನು ಇದ್ರೆ ಯಾರಿಗೆ ಬೇಜಾರು? ಈ ಹಾಳು ಹಲ್ಲು..."

ಹಲ್ಲಿನ ನಡುವಿನ ಗೆರೆಯನ್ನು ಆಳವಾಗಿ ಕಡಿಯುವುದು ಅವಳ ಹೆಮ್ಮೆ. ಲೆನೋರಾಳ ಬೀವರ್ ಹಲ್ಲನ್ನು ಕತ್ತಲಲ್ಲೂ ಬೆರಳಿನಿಂದ ಗುರುತು ಹಿಡಿಯಬಹುದು ಎಂದು ಜನ ಹೇಳುತ್ತಿದ್ದರು. ಆ ಒಂದು ಗೆರೆ ಅಳಿಸಿದರೆ ಎರಡು ಹಲ್ಲು ಸೇರಿ ಒಂದು ನಾಲಿಗೆ. ನಾಲಿಗೆ ಚಾಚಿದ ಕರಡಿ ನಮ್ಮಲ್ಲಿ ಹೊಸದೇನಲ್ಲ. ಆದರೆ ಕಡಿದ ಬೆಳ್ಳಿ ಮತ್ತೆ ಹುಟ್ಟುವುದಿಲ್ಲ. ಅಷ್ಟು ಆಳದ ಗೆರೆ ಹೋಗಬೇಕೆಂದರೆ ಸುತ್ತಲಿನ ಬೆಳ್ಳಿಯನ್ನು ಅಷ್ಟೇ ಆಳಕ್ಕೆ ಇಳಿಸಬೇಕು, ಪಟ್ಟಿ ಅಲ್ಲಿ ತೆಳ್ಳಗಾಗುತ್ತದೆ. ಅದು ಪಟ್ಟಿಯ ನಟ್ಟನಡುವೆ. ಕಡಗವಾಗಿ ಬಗ್ಗಿಸುವಾಗ ಎಲ್ಲ ಭಾರ ಬೀಳುವುದೂ ಅಲ್ಲೇ. ಮನೆಯಲ್ಲಿ ಕರಗಿಸಿದ ಹಳೆಯ ಬೆಳ್ಳಿ, ಟಪ್ಪೆಂದು ಸೀಳಿದರೆ ಮುಗಿಯಿತು.

"ಸೀಳಿದ್ರೆ?" ಎಂದಳು ಲಾರಿಸಾ.

"ಸೀಳಿದ್ರೆ ನಾನು ದೋಣಿ ಹತ್ತಿ ನಿಮ್ಮ ಸಸ್ಕಾಚವಾನ್‌ಗೆ ಹೋಗಿ ಗೋಧಿ ಬೆಳೀತೀನಿ. ನಡಿ, ಆ ಮೂರಂಚಿನ ಅಲಗು ಕೊಡು."

ಬುಧವಾರ ಉಳಿದ ಹೊತ್ತು, ಗುರುವಾರ ಇಡೀ ದಿನ ಹೆರೆದದ್ದೇ ಕೆಲಸ. ಅವಸರದವರು ಗೆರೆಯ ಮೇಲೇ ಹೆರೆದು ಗುಂಡಿ ಮಾಡಿಬಿಡುತ್ತಾರೆ, ಬೆಳಕು ಬಿದ್ದ ಕೂಡಲೇ ಗುಟ್ಟು ರಟ್ಟು. ಲೆನೋರಾ ದೂರದ ಕೆನ್ನೆಯಿಂದ ಶುರುಮಾಡಿ ಒಳಮುಖವಾಗಿ, ಕೂದಲೆಳೆಯಷ್ಟೇ ಎತ್ತುತ್ತ ಬಂದಳು. ಹತ್ತು ಸಲ ಹೆರೆದು ಒಂದು ಸಲ ಒಪ್ಪ ಹಾಕುವುದು. ನುಣುಪು ಉಕ್ಕಿನ ಕಡ್ಡಿಗೆ ಎಣ್ಣೆ ಮುಟ್ಟಿಸಿ, ಗೆರೆಯ ಎರಡೂ ದಡವನ್ನು ಒತ್ತಿ ಒತ್ತಿ ಒಂದರ ಕಡೆಗೊಂದು ತಳ್ಳುವುದು. ಲಾರಿಸಾ ಕೆಲಸಕ್ಕೆ ರಜೆ ಹಾಕಿ ಪಕ್ಕದಲ್ಲೇ ಕುಳಿತಳು. ದೀಪ ಹಿಡಿದಳು, ಚೂರು ಊದಿದಳು. ಸಂಜೆಯ ಹೊತ್ತಿಗೆ ಗೆರೆ ಬರೀ ನೆರಳಾಯಿತು, ಆಮೇಲೆ ಅದೂ ಹೋಯಿತು. ಕೊನೆಗೆ ಉಳಿದದ್ದು ದಪ್ಪ, ನುಣ್ಣನೆಯ ಒಂದು ನಾಲಿಗೆ.

ಕರಡಿಯ ಕೋರೆಹಲ್ಲು, ಸಣ್ಣ ಹಲ್ಲು ಇಡುವಾಗ ಬೇರೆಯೇ ಪೀಡೆ ಶುರುವಾಯಿತು. ಅಷ್ಟು ಸಣ್ಣ ಹಲ್ಲಿಗೆಂದು ಲೆನೋರಾ ಹೊಸ ಉಳಿ ಮಾಡಿಕೊಂಡಿದ್ದಳು. ಇಟ್ಟ ಮೂರನೇ ಗೆರೆಗೇ ಮೊನೆ ಮುರಿಯಿತು. ಮಸೆದಳು, ಮತ್ತೆ ಮುರಿಯಿತು. ಮೂರನೇ ಸಲ ಮುರಿದ ಚೂರು ಬೆಳ್ಳಿಯಲ್ಲೇ ಕೂತಿತು. ಸೂಜಿಯಿಂದ ಅದನ್ನು ಕೀಳುತ್ತ ಅವಳು ಉಪಯೋಗಿಸಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

"ಅತ್ತೆ, ನೀವು ಮೇಲಕ್ಕೆ ಮೀಟ್ತಿಲ್ಲ. ನಾನು ನೋಡ್ತಾನೇ ಇದೀನಿ" ಎಂದಳು ಲಾರಿಸಾ ಮೆಲ್ಲಗೆ. "ಉಕ್ಕು ಗಾಜಿನ ಥರ ಇದೆ. ಕೆಂಪಗೆ ಕಾಯಿಸಿ ಅದ್ದಿದ್ರಲ್ಲ, ಆಮೇಲೆ ಮತ್ತೆ ಹದ ಮಾಡಿದ್ರಾ?"

"ಈಗ ನೀನು ನಂಗೆ ಉಳಿ ಹದ ಕಲಿಸ್ತೀಯಾ?"

"ಎಂಜಿನ್ ಸ್ಪ್ರಿಂಗೂ ಹೀಗೇ ಮುರಿಯುತ್ತೆ. ಉಜ್ಜಿ ಬೆಳ್ಳಗೆ ಮಾಡಿ, ಹಿಂದಿನಿಂದ ನಿಧಾನ ಕಾಯಿಸ್ಬೇಕು. ಮೊನೆ ಒಣಗಿದ ಗೋಧಿ ಹುಲ್ಲಿನ ಬಣ್ಣಕ್ಕೆ ಬಂದ ತಕ್ಷಣ ಅದ್ದಿಬಿಡ್ಬೇಕು. ಆ ಬಣ್ಣ ನಂಗೆ ಗೊತ್ತು ಅತ್ತೆ, ಅದರಲ್ಲೇ ಹುಟ್ಟಿ ಬೆಳೆದಿದೀನಿ."

ಲೆನೋರಾಳಿಗೆ ಅದು ಗೊತ್ತಿರದ ವಿಷಯವಲ್ಲ. ಗಾಬರಿಯಲ್ಲಿ ಮರೆತಿದ್ದಳು, ಅಷ್ಟೆ. ಉಳಿಯನ್ನೂ ಕಾಯಿಸುವ ದೀಪವನ್ನೂ ಲಾರಿಸಾಳ ಮುಂದಕ್ಕೆ ತಳ್ಳಿದಳು. ಲಾರಿಸಾ ಕಾಯಿಸಿದಳು, ಕಣ್ಣು ಮಿಟುಕಿಸದೆ ಕಾದು ಅದ್ದಿದಳು. ಆ ಮೊನೆ ಹದಿನಾಲ್ಕು ಹಲ್ಲು ಕಡಿದರೂ ಅಲುಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಗ್ಗಿಸುವ ಗಳಿಗೆ. ಪಟ್ಟಿಯನ್ನು ಅರಗಿನಿಂದ ಬಿಡಿಸಿ, ಮಂದ ಕೆಂಪಿಗೆ ಕಾಯಿಸಿ ಮೆದುಮಾಡಿ, ದುಂಡು ಮರದ ಮೇಲೆ ಇಟ್ಟು, ಲೆನೋರಾ ಕೊಡತಿ ಎತ್ತಿದಳು. ಎರಡು ತುದಿಯಿಂದ ಬಗ್ಗಿಸುತ್ತ ಬಂದಳು. ನಡು ಮಾತ್ರ ಉಳಿಯಿತು. ಹೊರೇಸ್ ಬಾಗಿಲಲ್ಲಿ ನಿಂತು ಟೋಪಿ ತೆಗೆದ.

"ಯಾರೂ ಸತ್ತಿಲ್ಲ, ಹಾಕ್ಕೋ" ಎಂದಳು ಲೆನೋರಾ.

ಒಂದು ಪೆಟ್ಟು, ಮೆತ್ತಗೆ. ಇನ್ನೊಂದು. ಬೆಳ್ಳಿ ಸಣ್ಣಗೆ ಕಿರ್ ಎಂದಿತು. ಲೆನೋರಾ ಕೊಡತಿ ಕೆಳಗಿಟ್ಟು, ಎರಡು ಹೆಬ್ಬೆರಳು ನಾಲಿಗೆಯ ಅಕ್ಕಪಕ್ಕ ಇಟ್ಟು, ಹಸುಗೂಸಿನ ಕಾಲು ಮಡಿಸುವ ಹಾಗೆ ಒತ್ತಿದಳು. ಬಾಗಿತು. ಸೀಳಲಿಲ್ಲ. ನಾಲಿಗೆಯ ಹತ್ತಿರ ಉಳಿದ ಕಡೆಗಿಂತ ಒಂದು ಎಳೆ ಹೆಚ್ಚೇ ಬಾಗಿತು, ಅಷ್ಟೇ.

ಹೊರೇಸ್ ಭೂತಗನ್ನಡಿ ಹಿಡಿದು ನೋಡಿದ. "ಕರಡಿ. ನೂರಕ್ಕೆ ನೂರು ಕರಡಿ. ನಮ್ಮ ಸೋದರಮಾವನೇ ಕೂತಂಗಿದೆ."

ಲಾರಿಸಾ ಅತ್ತು ನಕ್ಕಳು. "ನಾನು ಯಾರಿಗೂ ಹೇಳಲ್ಲ ಅತ್ತೆ, ಡ್ವೇನ್‌ಗೂ ಹೇಳಲ್ಲ. ಮಾಮ, ನೀವೂ ಅಷ್ಟೇ."

"ನಾನು ಮೂವತ್ತೆಂಟು ವರ್ಷದಿಂದ ಬಾಯಿ ಮುಚ್ಕೊಂಡೇ ಇದೀನಲ್ಲ" ಎಂದ ಹೊರೇಸ್.

ಲೆನೋರಾಳಿಗೆ ಶುಕ್ರವಾರವೆಲ್ಲ ಹಾಯೆನಿಸಿತು. ಶನಿವಾರ ಬೆಳಿಗ್ಗೆ ಸುಣ್ಣದ ಪುಡಿ ಹಚ್ಚಿ ಕೊನೆಯ ಹೊಳಪು ಕೊಡುವಾಗ ಆ ಹಾಯಿ ಹೋಯಿತು. ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದರೆ ನಾಲಿಗೆಯ ಸುತ್ತ ಬೆಳಕು ಒಂದಿಷ್ಟು ತಗ್ಗಿಗೆ ಇಳಿದು ಬರುತ್ತಿತ್ತು. ಬೇರೆಯವರಿಗೆ ಕಾಣದು. ಕೆತ್ತುವವರ ಕಣ್ಣಿಗೆ ಇಂದಲ್ಲ ನಾಳೆ ಕಂಡೇ ಕಾಣುತ್ತದೆ. ಈ ಊರಿನಲ್ಲಿ ಮೂರನೇ ಮನೆಗೊಬ್ಬ ಕೆತ್ತುವವನಿದ್ದಾನೆ. ಅವನು ಏನೆಂದು ಆಡಿಕೊಳ್ಳುತ್ತಾನೆ? ಹೊರಗಿನವಳ ಕೈಗೆ ತಿದ್ದಿದ ಬೀವರ್ ಕಟ್ಟಿದರು ಎನ್ನುತ್ತಾನೆ. ತಪ್ಪು ಲೆನೋರಾಳದು, ಅದನ್ನು ಹೊತ್ತು ತಿರುಗುವವಳು ಲಾರಿಸಾ, ಜೀವಮಾನವಿಡೀ.

ನಮ್ಮಲ್ಲಿ ಹತ್ತು ಜನರ ಮುಂದೆ ಎಡವಿದವರು, ನೋಡಿದವರ ಕೈಗೆ ಏನಾದರೂ ಇಟ್ಟು ಆ ನಾಚಿಕೆಯನ್ನು ತೊಳೆದುಕೊಳ್ಳಬೇಕು. ತೊಳೆದ ಮೇಲೆ ಆ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ. ಲೆನೋರಾ ಇದನ್ನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಈ ಸಲ ಅದು ತನ್ನ ಪಾಲಿಗೇ ಬಂದಿತ್ತು. ಎದ್ದು ಉಗ್ರಾಣದ ಬಾಗಿಲು ತೆರೆದಳು.

"ಏನ್ ಮಾಡ್ತಿದೀಯ? ಅದು ನಮ್ಮ ಸಾಲ್ಮನ್!" ಎಂದ ಹೊರೇಸ್. ಹೊಗೆಯಲ್ಲಿ ಹದಮಾಡಿ ಗಾಜಿನ ಜಾಡಿಗೆ ತುಂಬಿದ ಕೆಂಪು ಮೀನು, ಕಳೆದ ಬೇಸಿಗೆಯದು.

"ಇದ್ದದ್ದು ಅಷ್ಟೂ ಗಾಡಿಗೆ ಹಾಕು."

"ಜೂನ್ ತನಕ ನಾನೇನು ತಿನ್ಲಿ?"

"ಲಾರಿಸಾ ತಂದ ಸೌತೆಕಾಯಿ."

ಸಭಾಮನೆ ಕಿಕ್ಕಿರಿದಿತ್ತು. ಒಂದು ಕಡೆ ಹದ್ದಿನವರು, ಎದುರಿಗೆ ಕಾಗೆಯವರು, ನಡುವೆ ಹ್ಯಾಲಿಬಟ್ ಮೀನಿನ ಸಾರಿನ ಆವಿ, ಕರಿದ ರೊಟ್ಟಿಯ ರಾಶಿ. ಲಾರಿಸಾ ಎದ್ದು ಹೋಗಿ ಪಾತ್ರೆ ತೊಳೆಯದಂತೆ ಡ್ವೇನ್ ಅವಳ ಕೈ ಹಿಡಿದು ಕುಳಿತಿದ್ದ. ಪರ್ಲ್ ನಾನಿ ಎದ್ದು ನಿಂತು, ಲೆನೋರಾಳ ಕೈಯಿಂದ ಕಡಗ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿಸಿದಳು. ಓರೆಯಾಗಿ ಹಿಡಿದಳು. ಒಂದು ಹುಬ್ಬು ಮೇಲೇರಿತು. ಆ ಮುದುಕಿಗೆ ತಿಳಿಯದ ಬೆಳ್ಳಿ ಇಲ್ಲ.

ಅವಳು ಬಾಯಿ ತೆರೆಯುವ ಮೊದಲೇ ಲೆನೋರಾ ಎದ್ದಳು.

"ಎಲ್ರೂ ಕೇಳಿ. ಈ ಕಡಗದ ಮೇಲೆ ನಾನು ಮೊದಲು ಕೆತ್ತಿದ್ದು ಬೀವರ್."

ಚಮಚದ ಸದ್ದು ನಿಂತಿತು.

"ಹೂಂ, ನಾನೇ. ಊರಿಗೆಲ್ಲ ಯಾರ ಗುರುತು ಯಾವುದು ಅಂತ ಪಾಠ ಮಾಡೋಳು. ಕಿವಿ ಬಿಂಗೊ ಕಡೆ ಇತ್ತು, ಕೈ ತನ್ನ ಪಾಡಿಗೆ ನಮ್ಮ ಮನೆ ಗುರುತು ಕೆತ್ತಿಬಿಡ್ತು. ಬೀವರ್ ಹಲ್ಲು ಅಳಿಸಿ ಕರಡಿ ನಾಲಿಗೆ ಮಾಡಿದೀನಿ. ಅಲ್ಲಿ ಬೆಳ್ಳಿ ತೆಳ್ಳಗಿದೆ. ಕಣ್ಣಿದ್ದೋರಿಗೆ ಕಾಣುತ್ತೆ. ನೋಡಿ ಕಂಡುಹಿಡಿದೋಳು ನಾನಲ್ಲ, ನನ್ನ ಗಂಡ ಅಂತೂ ಅಲ್ಲವೇ ಅಲ್ಲ. ಲಾರಿಸಾ ಕಂಡುಹಿಡಿದ್ಲು. ಕರಡಿ ಬಾಲ ಇಷ್ಟು ಅಗಲ ಇರುತ್ತಾ ಅಂತ ಕೇಳಿದ್ಲು. ತಪ್ಪು ನಂದು, ಬೆಳ್ಳೀದಲ್ಲ, ಅವಳದಂತೂ ಅಲ್ಲ. ಕರಡಿ ಮನೆಯವರು ಈ ಮೀನಿನ ಜಾಡಿ ತಗೊಂಡು ನನ್ನ ಮುಖ ತೊಳೆಯಿರಿ."

ಮೊದಲು ನಕ್ಕವನು ಬನಿಯನ್ ಬಿಚ್ಚಿಸಿಕೊಂಡಿದ್ದ ತಮ್ಮ. ಆಮೇಲೆ ಇಡೀ ಸಭಾಮನೆ ಬಿದ್ದು ಬಿದ್ದು ನಕ್ಕಿತು. ಲೆನೋರಾ ಮೇಜಿನಿಂದ ಮೇಜಿಗೆ ಹೋಗಿ ಕರಡಿ ಮನೆಯ ಒಬ್ಬೊಬ್ಬರ ಮುಂದೂ ಒಂದೊಂದು ಜಾಡಿ ಇಟ್ಟಳು. ಮೂಲೆಯಲ್ಲಿ ಗೊಣಗುತ್ತಿದ್ದವರಿಗೂ ಇಟ್ಟಳು, ಅವರೂ ತೆಗೆದುಕೊಂಡರು. ತೆಗೆದುಕೊಂಡ ಮೇಲೆ ಬಾಯಿ ತೆರೆಯುವಂತಿಲ್ಲ. ಕೊನೆಯ ಜಾಡಿ ಹೊರೇಸ್‌ಗೆ ಬಂತು, ಅವನೂ ಕರಡಿ ಮನೆಯವನಲ್ಲವೆ. ಅವನು ಅದನ್ನು ತೊಡೆಯ ಮೇಲೆ ಭದ್ರವಾಗಿ ಇಟ್ಟುಕೊಂಡ.

ನಗು ಇಳಿಯುವವರೆಗೆ ನಾನಿ ಕಾದಳು. ಆಮೇಲೆ ಲಾರಿಸಾಳನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

"ಈ ಹುಡುಗಿ ನಮ್ಮವಳು ಅಂತ ಇವತ್ತು ನಾನು ನಿಮಗೆಲ್ಲ ಹೇಳ್ಬೇಕು ಅಂತಿದ್ದೆ. ಏನ್ ಹೇಳ್ಬೇಕು ಅಂತ ವಾರದಿಂದ ಕೂತು ಯೋಚಿಸಿದೆ. ಈಗ ನೋಡಿದ್ರೆ ನಾನು ಹೇಳೋಕೆ ಏನೂ ಉಳಿದಿಲ್ಲ. ಬೀವರ್ ನೋಡಿ, ಇದು ನಂದಲ್ಲ ಅಂತ ಬುಧವಾರವೇ ಅವಳೇ ಹೇಳಿದಾಳೆ."

ಕಡಗ ತೊಡಿಸಿದಳು. ಹೆಸರು ಕೂಗಿದಳು. ಆ ಹೆಸರು ಅವರ ಮನೆಯ ಸ್ವತ್ತು, ಇಲ್ಲಿ ಬರೆಯುವಂತಿಲ್ಲ. ಸಭೆಯೆಲ್ಲ ಅದನ್ನು ಗಟ್ಟಿಯಾಗಿ ಹೇಳಿತು. ಲೆನೋರಾ ತಲೆ ತಗ್ಗಿಸಿ ಮೂಗು ಒರೆಸಿಕೊಳ್ಳುತ್ತಿದ್ದಳು. ತಲೆ ಎತ್ತಿದಾಗ ಲಾರಿಸಾ ಎದುರಿಗೇ ನಿಂತಿದ್ದಳು. ಮಣಿಕಟ್ಟಿನಲ್ಲಿ ಕರಡಿ ನಾಲಿಗೆ ಚಾಚಿತ್ತು. ಕೈ ಮುಂದಕ್ಕೆ ಚಾಚಿಕೊಂಡಿತ್ತು.

"ನಂದೆಲ್ಲಿ?"

"ಏನ್ ನಿಂದು?"

"ಜಾಡಿ. ಕರಡಿ ಮನೆಯೋರಿಗೆಲ್ಲ ಕೊಟ್ರಿ. ನಾನು ಯಾರ ಮನೆಯೋಳು?" ದನಿ ಸಭಾಮನೆಯ ಆ ಮೂಲೆಯವರೆಗೂ ಕೇಳುವಷ್ಟು ಗಟ್ಟಿಯಿತ್ತು. ಮೂರು ವರ್ಷದಲ್ಲಿ ಅವಳು ಔತಣದಲ್ಲಿ ಅಷ್ಟು ಗಟ್ಟಿಯಾಗಿ ಮಾತನಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಹದ್ದಿನ ಕಣ್ಣು ಅಂತಾರೆ. ಕಾಗೆಗೆ ಕಂಡಿದ್ದು ಹದ್ದಿಗೆ ಕಾಣ್ಲಿಲ್ಲ. ಕೊಡಿ ಅತ್ತೆ, ಎರಡು ಕೊಡಿ."

"ಎರಡ್ಯಾಕೆ?"

ಲಾರಿಸಾ ಇನ್ನೊಂದು ಕೈಯನ್ನು ಹೊಟ್ಟೆಯ ಮೇಲೆ ಇಟ್ಟಳು. "ಇವರೂ ಕರಡಿ ಮನೆಯೋರೇ."

ಕಾಗೆಯವರು ಬೆಂಚು ಬಡಿದು ಕೂಗಿದರು. ಲೆನೋರಾಳ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಬಾಯಿ ತುಂಬ ನಗುವಿತ್ತು. ಅವಳು ಹಿಂದೆ ತಿರುಗಿ ಹೊರೇಸ್‌ನ ತೊಡೆಯಿಂದ ಜಾಡಿಯನ್ನು ಕಿತ್ತುಕೊಂಡಳು. ಅವನು ಬಾಯಿ ತೆರೆದ. ಅಷ್ಟರಲ್ಲಿ ಪರ್ಲ್ ನಾನಿ ತನ್ನ ಜಾಡಿಯನ್ನೂ ಮೇಜಿನ ಮೇಲೆ ಈ ಕಡೆಗೆ ತಳ್ಳಿದ್ದಳು. ಲೆನೋರಾ ಎರಡನ್ನೂ ಎತ್ತಿ, ಮೊದಲನೆಯದನ್ನು ತಾಯಿಗೆ, ಎರಡನೆಯದನ್ನು ಕೂಸಿಗೆಂದು ಕೊಟ್ಟಳು.